ಹದಿನಾರರ ಚೆಂಡು ಯಾರ ಕೈಗೆ?

ನಮ್ಮ ಕಾಲೇಜಿನ ಕ್ರೀಡಾ ಸಮಿತಿಯ ಮುಂದೆ ಈಗ ಒಂದು ಸಲಹೆ ಇದೆ. ಮುಂದಿನ ಶೈಕ್ಷಣಿಕ ವರ್ಷದಿಂದ ಬೌಲಿಂಗ್‌ಗೂ ಒಂದು ತಂಡ ಕಟ್ಟೋಣ, ಅದಕ್ಕಾಗಿ ಕ್ರೀಡಾ ನಿಧಿಯಿಂದ ಎರಡು ಒಳ್ಳೆಯ ಚೆಂಡು ಕೊಂಡು ಕಾಲೇಜಿನಲ್ಲೇ ಇಟ್ಟುಕೊಳ್ಳೋಣ ಎಂಬುದು ಆ ಸಲಹೆ. ಬೌಲಿಂಗ್ ಎಂದರೆ ಕ್ರಿಕೆಟ್ಟಿನದಲ್ಲ. ಉದ್ದನೆಯ ಲೇನಿನಲ್ಲಿ ಭಾರದ ಚೆಂಡು ಉರುಳಿಸಿ, ತುದಿಯಲ್ಲಿ ನಿಂತ ಹತ್ತು ಪಿನ್‌ಗಳನ್ನು ಬೀಳಿಸುವ ಟೆನ್‌ಪಿನ್ ಬೌಲಿಂಗ್. ಆ ಎರಡು ಚೆಂಡುಗಳಲ್ಲಿ ಒಂದಾದರೂ ‘ಹದಿನಾರರದ್ದು’, ಅಂದರೆ 16 ಪೌಂಡಿನದು ಆಗಿರಲೇಬೇಕು ಎಂದು ದ್ವಿತೀಯ ಪಿಯುಸಿಯ ಹುಡುಗರು ಪಟ್ಟು ಹಿಡಿದಿದ್ದಾರೆ.

ತಂಡ ಬೇಕು ಎನ್ನುವುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಚೆಂಡು ಕೊಳ್ಳುವುದಕ್ಕೆ ಇಲ್ಲ. ಹದಿನಾರರ ಚೆಂಡು ಕೊಳ್ಳುವುದಕ್ಕಂತೂ ಖಂಡಿತ ಇಲ್ಲ. ಕ್ರಿಕೆಟ್ ಬ್ಯಾಟು, ಫುಟ್‌ಬಾಲ್, ಕೇರಂ ಬೋರ್ಡುಗಳನ್ನು ಹತ್ತು ಜನ ಹಂಚಿಕೊಂಡು ಆಡಬಹುದು. ಬೌಲಿಂಗ್ ಚೆಂಡು ಕನ್ನಡಕ ಇದ್ದ ಹಾಗೆ. ಒಬ್ಬರ ಅಳತೆಗೆ ಮಾಡಿಸಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಆದೀತು ಎಂದು ಬಲವಂತವಾಗಿ ಹಾಕಿಕೊಂಡರೆ ನೋವು ಹಾಕಿಕೊಂಡವರಿಗೇ. ಇದು ನನ್ನ ವಾದ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ.

ಚೆಂಡು ಆರಿಸುವ ರೀತಿ

ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕಾಲೇಜಿನಿಂದ ಬೌಲಿಂಗ್‌ಗೆ ಕರೆದುಕೊಂಡು ಹೋಗುವ ರೂಢಿ ಈಗ ಎರಡು ಮೂರು ವರ್ಷಗಳಿಂದ ಇದೆ. ಅಲ್ಲಿ ಚೆಂಡು ಆರಿಸುವ ರೀತಿ ನೋಡಿದವರಿಗೆ ನಾನು ಹೇಳುತ್ತಿರುವುದು ಹೊಸದಲ್ಲ. ಹುಡುಗರ ದಿನ ಎಲ್ಲರ ಕಣ್ಣೂ ಚೆಂಡಿನ ಮೇಲೆ ಬರೆದ ಅಂಕಿಯ ಮೇಲೆ. ಒಬ್ಬ 14 ತೆಗೆದುಕೊಂಡರೆ ಪಕ್ಕದವನು 15, ಅವನ ಪಕ್ಕದವನು 16. ಹತ್ತು ತೆಗೆದುಕೊಂಡವನಿಗೆ ‘ಏನೋ, ಮಕ್ಕಳ ಚೆಂಡಾ?’ ಎಂಬ ಮಾತು ಕಟ್ಟಿಟ್ಟದ್ದು. ಎಸೆದ ಮೇಲೆ ಪರದೆಯಲ್ಲಿ ವೇಗ ತೋರಿಸುವ ಕಡೆಗಳಲ್ಲಿ ಬಿದ್ದ ಪಿನ್ ಎಷ್ಟು ಎಂದು ನೋಡುವ ಮೊದಲು ವೇಗ ಎಷ್ಟು ಎಂದು ನೋಡುತ್ತಾರೆ.

ಹುಡುಗಿಯರ ದಿನ ಇದರ ತದ್ವಿರುದ್ಧ. ಕೌಂಟರಿನ ಅಣ್ಣ ಕೇಳುವುದೂ ಇಲ್ಲ, ಎಂಟರ ಚೆಂಡುಗಳನ್ನು ಸಾಲಾಗಿ ತಂದಿಡುತ್ತಾರೆ. 8 ಪೌಂಡ್ ಎಂದರೆ ಸುಮಾರು 3.6 ಕಿಲೋ. ಹತ್ತು ಕಿಲೋ ಅಕ್ಕಿಯ ಚೀಲವನ್ನು ಮೂರನೇ ಮಹಡಿಗೆ ಹೊತ್ತುಕೊಂಡು ಹೋಗುವ ಹುಡುಗಿಯರು ನಮ್ಮ ತರಗತಿಯಲ್ಲೇ ಇದ್ದಾರೆ. ಅವರ ಕೈಗೂ ಎಂಟೇ. ನನ್ನ ಗೆಳತಿಯೊಬ್ಬಳ ಹೆಬ್ಬೆರಳು ಆ ಚೆಂಡಿನ ತೂತಿನೊಳಗೆ ಅರ್ಧಕ್ಕಿಂತ ಹೆಚ್ಚು ಇಳಿಯಲಿಲ್ಲ. ಹಗುರ ಚೆಂಡುಗಳ ತೂತುಗಳು ಸಾಮಾನ್ಯವಾಗಿ ಸಣ್ಣವು, ಮಕ್ಕಳ ಬೆರಳಿಗೆಂದೇ ಕೊರೆದವು. ಅವಳು ಇಡೀ ಸಂಜೆ ಬೆರಳಿನ ತುದಿಯಲ್ಲಿ ಚೆಂಡು ಹಿಡಿದು ಎಸೆದಳು. ಗಟರಿಗೆ ಬಿದ್ದ ಪ್ರತಿ ಚೆಂಡಿಗೂ ಎಲ್ಲರೂ ನಕ್ಕರು. ಚೆಂಡು ಬದಲಾಯಿಸಿ ನೋಡು ಎಂದು ಯಾರೂ ಹೇಳಲಿಲ್ಲ.

ಎರಡೂ ದಿನ ನಡೆಯುವುದು ಒಂದೇ: ಚೆಂಡು ಆರಿಸುವಾಗ ನೋಡಬೇಕಾದ ಕೈಯನ್ನು ಬಿಟ್ಟು, ಕೈಯ ಯಜಮಾನ ಹುಡುಗನೋ ಹುಡುಗಿಯೋ ಎಂದು ನೋಡುತ್ತೇವೆ.

ತೂಕದ ಲೆಕ್ಕ

ಭಾರದ ಚೆಂಡಿನ ಪರ ವಾದಿಸುವವರ ಮಾತಿನಲ್ಲಿ ನಿಜ ಇಲ್ಲದಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಪಿನ್ನಿನ ತೂಕ ಸುಮಾರು ಒಂದೂವರೆ ಕಿಲೋ. ಹತ್ತು ಪಿನ್‌ಗಳು ಒಂದಡಿ ಅಂತರದಲ್ಲಿ ತ್ರಿಕೋನವಾಗಿ ನಿಂತಿರುತ್ತವೆ. ಬಲಗೈ ಆಟಗಾರನ ಒಳ್ಳೆಯ ಸ್ಟ್ರೈಕ್‌ನಲ್ಲಿ ಚೆಂಡು ತಾನೇ ಮುಟ್ಟುವುದು ನಾಲ್ಕು ಪಿನ್‌ಗಳನ್ನು ಮಾತ್ರ: 1, 3, 5 ಮತ್ತು 9. ಉಳಿದ ಆರನ್ನು ಬೀಳುವ ಪಿನ್‌ಗಳೇ ಬೀಳಿಸುತ್ತವೆ. ಚೆಂಡು ತೀರಾ ಹಗುರವಾಗಿದ್ದರೆ ಮೊದಲ ಎರಡು ಪಿನ್‌ಗಳಿಗೆ ತಾಗಿದ ಕೂಡಲೇ ದಾರಿ ತಪ್ಪಿ ಬಲಕ್ಕೆ ಜಾರುತ್ತದೆ, ನಡುವಿನ 5ನೇ ಪಿನ್ ಹಾಗೇ ನಿಂತಿರುತ್ತದೆ. ಭಾರದ ಚೆಂಡು ಅಷ್ಟು ಸುಲಭವಾಗಿ ದಾರಿ ಬಿಡುವುದಿಲ್ಲ. ಆದ್ದರಿಂದಲೇ ನುರಿತ ಆಟಗಾರರಲ್ಲಿ ಹೆಚ್ಚಿನವರು 14ರಿಂದ 16 ಪೌಂಡಿನ ಚೆಂಡು ಬಳಸುತ್ತಾರೆ. ನಿಯಮದ ಗರಿಷ್ಠ ಮಿತಿಯೂ 16 ಪೌಂಡೇ, ಅಂದರೆ 7.26 ಕಿಲೋ.

ಆದರೆ ಈ ವಾದದಲ್ಲಿ ಬಿಟ್ಟುಹೋಗುವ ಅಂಶ ವೇಗ. ಒಬ್ಬ ಹುಡುಗ 12 ಪೌಂಡಿನ ಚೆಂಡನ್ನು ಗಂಟೆಗೆ 26 ಕಿಲೋಮೀಟರ್ ವೇಗದಲ್ಲಿ ಎಸೆಯುತ್ತಾನೆ, 16ರದ್ದನ್ನು ಎತ್ತಿದಾಗ ಅವನ ವೇಗ 22ಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. ಚಲನಶಕ್ತಿಯ ಸೂತ್ರ ಎಲ್ಲರಿಗೂ ಗೊತ್ತು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಲೆಕ್ಕ ಹಾಕಿ ನೋಡಿ, ಹನ್ನೆರಡರ ಚೆಂಡಿನ ಶಕ್ತಿಯೇ ತುಸು ಹೆಚ್ಚು ಬರುತ್ತದೆ. ಮೊಮೆಂಟಮ್ ಲೆಕ್ಕದಲ್ಲಿ ಹದಿನಾರು ಈಗಲೂ ಮುಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ 16 ಮತ್ತು 12ರ ನಡುವೆ ತೂಕದಲ್ಲಿದ್ದ ಮೂರನೇ ಒಂದು ಪಾಲಿನ ಲಾಭ, ವೇಗ ಕಳೆದುಕೊಂಡ ಮೇಲೆ ಎಂಟನೇ ಒಂದು ಪಾಲಿಗೆ ಇಳಿದಿರುತ್ತದೆ.

ಆ ಸಣ್ಣ ಲಾಭಕ್ಕೆ ಕೊಡುವ ಬೆಲೆ ಏನು? ಒಂದು ಆಟದಲ್ಲಿ ಹತ್ತು ಫ್ರೇಮ್, ಗರಿಷ್ಠ 21 ಎಸೆತ. ಮೂರು ಆಟ ಆಡಿದರೆ ಸುಮಾರು 50 ಎಸೆತ. ಪ್ರತಿ ಎಸೆತಕ್ಕೆ 4 ಪೌಂಡ್ ಹೆಚ್ಚು ಎಂದರೆ ಒಂದು ಸಂಜೆಗೆ 200 ಪೌಂಡ್, 90 ಕಿಲೋ ಹೆಚ್ಚುವರಿ ಭಾರ ಒಂದೇ ತೋಳಿನ ಮೇಲೆ. ಮೊದಲ ಆಟದಲ್ಲಿ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಭುಜ ವಾಲುತ್ತದೆ. ಮೂರನೆಯದರಲ್ಲಿ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಚೆಂಡು ಲೇನಿನ ಮೇಲೆ ಧಪ್ಪೆಂದು ಬೀಳುತ್ತದೆ. ಗುರಿ ಅಲ್ಲಿಗೆ ಮುಗಿಯಿತು. ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಅಷ್ಟು ದೂರದಲ್ಲಿ 1 ಮತ್ತು 3ನೇ ಪಿನ್‌ಗಳ ನಡುವಿನ ಸಂದಿಗೆ ಚೆಂಡು ತಲುಪಿಸಬೇಕಾದ ಆಟದಲ್ಲಿ ಎರಡು ಮೂರು ಇಂಚು ತಪ್ಪಿದರೂ ಸ್ಟ್ರೈಕ್ ಕೈಬಿಟ್ಟು ಸ್ಪ್ಲಿಟ್ ಉಳಿಯಬಹುದು.

ದೇಹದ ತೂಕದ ಹತ್ತನೇ ಒಂದು ಪಾಲು ಚೆಂಡಿನ ತೂಕವಾಗಿರಬೇಕು ಎಂಬ ಹಳೆಯ ಸೂತ್ರವೊಂದನ್ನು ಕೆಲವರು ಹೇಳುತ್ತಾರೆ. ಅದೂ ಹೆಚ್ಚು ಉಪಯೋಗದ್ದಲ್ಲ. ದಪ್ಪಗಿರುವುದು, ಗಟ್ಟಿಯಾಗಿರುವುದು ಬೇರೆ ಬೇರೆ. ಅದಕ್ಕಿಂತ ಸರಳ ಪರೀಕ್ಷೆ ಇದೆ: ಮೂರನೇ ಆಟದ ಕೊನೆಯ ಫ್ರೇಮಿನಲ್ಲೂ ಮೊದಲ ಫ್ರೇಮಿನ ಹಾಗೆಯೇ, ಅದೇ ವೇಗದಲ್ಲಿ, ಸದ್ದಿಲ್ಲದೆ ಲೇನಿಗೆ ಇಳಿಸಬಲ್ಲ ಅತ್ಯಂತ ಭಾರದ ಚೆಂಡು ಯಾವುದೋ ಅದೇ ನಿಮ್ಮದು. ಕೆಲವರಿಗೆ ಅದು 9, ಕೆಲವರಿಗೆ 14.

ಬೆರಳು ಮತ್ತು ತೂತು

ತೂಕಕ್ಕಿಂತಲೂ ಮುಖ್ಯವಾದದ್ದು ಬೆರಳಿನ ಅಳತೆ. ಇದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ.

ಬಾಡಿಗೆಗೆ ಸಿಗುವ ಚೆಂಡುಗಳಲ್ಲಿ ಮೂರು ತೂತು: ಒಂದು ಹೆಬ್ಬೆರಳಿಗೆ, ಎರಡು ಮಧ್ಯದ ಬೆರಳು ಮತ್ತು ಉಂಗುರ ಬೆರಳಿಗೆ. ಹೆಬ್ಬೆರಳು ಬುಡದವರೆಗೆ ಇಳಿಯಬೇಕು. ಹಿಂಡಿ ಹಿಡಿಯದೆ ಚೆಂಡು ನಿಲ್ಲುವಷ್ಟು ಬಿಗಿ, ಎಳೆದರೆ ತಡೆಯಿಲ್ಲದೆ ಹೊರಬರುವಷ್ಟು ಸಡಿಲ, ಎರಡೂ ಇರಬೇಕು. ಹೆಬ್ಬೆರಳು ಒಳಗಿಟ್ಟು ಉಳಿದ ಎರಡು ಬೆರಳುಗಳನ್ನು ಚೆಂಡಿನ ಮೇಲೆ ಚಾಚಿ ಮಲಗಿಸಿ. ಆ ಬೆರಳುಗಳ ಎರಡನೇ ಗೆಣ್ಣಿನ ಗೆರೆ ತೂತುಗಳ ಹತ್ತಿರದ ಅಂಚನ್ನು ತುಸು, ಕಾಲು ಇಂಚಿನಷ್ಟು, ದಾಟಿರಬೇಕು. ಅಂಚು ಮುಟ್ಟದಿದ್ದರೆ ಚೆಂಡು ನಿಮ್ಮ ಕೈಗೆ ದೊಡ್ಡದು. ತುಂಬಾ ದಾಟಿಹೋದರೆ ಚಿಕ್ಕದು. ಇಷ್ಟು ನೋಡಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಕೊಡದವರು ಸಂಜೆ ಪೂರ್ತಿ ಚೆಂಡನ್ನು ಹಿಂಡಿ ಹಿಡಿದು, ಮರುದಿನ ಪೆನ್ನು ಹಿಡಿಯಲು ಕಷ್ಟಪಡುತ್ತಾರೆ.

ಸ್ವಂತ ಚೆಂಡು ಕೊಳ್ಳುವಾಗ ಈ ವಿಷಯ ಇನ್ನೂ ಬಿಗಿಯಾಗುತ್ತದೆ. ಹೊಸ ಚೆಂಡು ತೂತಿಲ್ಲದೆ ಬರುತ್ತದೆ. ಕೊಂಡವರ ಕೈಯನ್ನು ಅಳೆದು, ಬೆರಳುಗಳ ದಪ್ಪ, ಅಂಗೈಯ ಅಗಲ, ಹೆಬ್ಬೆರಳು ವಾಲುವ ಕೋನ ಎಲ್ಲ ನೋಡಿ ಕೊರೆಯುತ್ತಾರೆ. ಅಂಥ ಚೆಂಡುಗಳಲ್ಲಿ ಬೆರಳನ್ನು ಮೊದಲ ಗೆಣ್ಣಿನವರೆಗೆ ಮಾತ್ರ ಇಳಿಸುವ ‘ಫಿಂಗರ್‌ಟಿಪ್’ ಹಿಡಿತವೇ ಹೆಚ್ಚು. ಬಿಡುವಾಗ ಹೆಬ್ಬೆರಳು ಮೊದಲು ಹೊರಬಂದು, ಬೆರಳ ತುದಿಗಳು ಚೆಂಡಿಗೆ ತಿರುವು ಕೊಡಲು ಅದರಿಂದ ಅನುಕೂಲ. ಒಂದೇ ತರಗತಿಯ ಇಬ್ಬರು ಹುಡುಗರ ಅಂಗೈ ಒಂದೇ ಅಳತೆ ಇರುವುದಿಲ್ಲ. ಹಾಗಿದ್ದ ಮೇಲೆ ಕಾಲೇಜು ಕೊಳ್ಳುವ ಎರಡು ಚೆಂಡುಗಳನ್ನು ಯಾರ ಕೈಗೆ ಕೊರೆಸುವುದು? ಈ ವರ್ಷದ ನಾಯಕನ ಕೈಗೆ ಕೊರೆಸಿದರೆ ಅವನು ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಹೊರಡುತ್ತಾನೆ. ಹಳೆಯ ತೂತು ತುಂಬಿ ಮತ್ತೆ ಕೊರೆಸಬಹುದು, ನಿಜ. ಆದರೆ ಪ್ರತಿ ವರ್ಷ ಅದಕ್ಕೂ ಖರ್ಚು. ಆಗಲೂ ಒಂದು ಚೆಂಡು ಒಬ್ಬರಿಗೇ.

ಎಸೆಯುವ ಬಗೆ

ತೂಕ, ಬೆರಳು ಎರಡೂ ಸರಿಹೋದ ಮೇಲೆ ಬರುವುದು ಆಟದ ಶೈಲಿ. ಇಲ್ಲಿಗೆ ಬರುವ ಮೊದಲೇ ನಮ್ಮವರು ಯೂಟ್ಯೂಬ್ ನೋಡಿ ಚೆಂಡಿನ ಹೆಸರು ಹೇಳಲು ಶುರುಮಾಡಿದ್ದಾರೆ.

ಲೇನು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಪಂದ್ಯ ನಡೆಯುವ ಲೇನುಗಳಲ್ಲಿ ಮೊದಲ 40 ಅಡಿಯಷ್ಟು ಎಣ್ಣೆ ಸವರಿರುತ್ತಾರೆ, ಕೊನೆಯ ಭಾಗ ಒಣಗಿರುತ್ತದೆ. ಚೆಂಡು ಎಣ್ಣೆಯ ಮೇಲೆ ಜಾರುತ್ತ ಹೋಗಿ, ಒಣ ಜಾಗ ಸಿಕ್ಕಾಗ ಘರ್ಷಣೆ ಹಿಡಿದು ಬಾಗುತ್ತದೆ, ಕೊನೆಗೆ ಉರುಳುತ್ತ ಪಿನ್ ಸೇರುತ್ತದೆ. ಜಾರು, ಬಾಗು, ಉರುಳು, ಈ ಮೂರು ಹಂತ ಮುಗಿಯಲು ಎರಡೂವರೆ ಸೆಕೆಂಡ್ ಬೇಕು. ಚೆಂಡು ಎಲ್ಲಿ ಬಾಗಬೇಕು, ಎಷ್ಟು ಬಾಗಬೇಕು ಎನ್ನುವುದನ್ನು ತೀರ್ಮಾನಿಸುವುದು ಮೂರು ಸಂಗತಿ: ನಿಮ್ಮ ವೇಗ, ನೀವು ಕೊಡುವ ತಿರುವು, ಮತ್ತು ಚೆಂಡಿನ ಮೇಲ್ಮೈ.

ಆಟಗಾರರನ್ನು ಸ್ಥೂಲವಾಗಿ ಹೀಗೆ ವಿಂಗಡಿಸುತ್ತಾರೆ. ಸ್ಟ್ರೋಕರ್ ಎಂದರೆ ನಿಧಾನವಾಗಿ, ಅಳತೆಯಾಗಿ, ಕಡಿಮೆ ತಿರುವಿನಿಂದ ಎಸೆಯುವವರು. ಅವರ ಬಲ ಗುರಿ. ಕ್ರ್ಯಾಂಕರ್ ಎಂದರೆ ಮಣಿಕಟ್ಟು ಬಳಸಿ ನಿಮಿಷಕ್ಕೆ 400 ಸುತ್ತಿಗೂ ಹೆಚ್ಚಿನ ತಿರುವು ಕೊಡುವವರು. ಇವೆರಡರ ನಡುವಿನವರು ಟ್ವೀನರ್. ಈಗ ಇನ್ನೊಂದು ಬಗೆ ಸೇರಿದೆ: ಎರಡೂ ಕೈಯಿಂದ ಎಸೆಯುವವರು.

ಮೇಲ್ಮೈಯಲ್ಲೂ ಬಗೆಗಳಿವೆ. ಒಂದು ಕಾಲದಲ್ಲಿ ಮರದ ಚೆಂಡು ಇತ್ತು. 20ನೇ ಶತಮಾನದ ಆರಂಭದಲ್ಲಿ ರಬ್ಬರ್ ಬಂತು. ಆಮೇಲೆ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. 1980ರ ದಶಕದ ಆರಂಭದಲ್ಲಿ ಯುರೆಥೇನ್. 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. ಪ್ಲಾಸ್ಟಿಕ್ ಚೆಂಡು ಹೆಚ್ಚು ಬಾಗುವುದಿಲ್ಲ, ನೇರ ಹೋಗುತ್ತದೆ. ನಾವು ಬಾಡಿಗೆಗೆ ಪಡೆಯುವ ಚೆಂಡುಗಳೆಲ್ಲ ಹೆಚ್ಚುಕಡಿಮೆ ಇವೇ. ಯುರೆಥೇನ್ ಬೇಗ ಹಿಡಿತ ಸಾಧಿಸಿ ನಯವಾಗಿ ಬಾಗುತ್ತದೆ. ರಿಯಾಕ್ಟಿವ್ ಚೆಂಡಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ಅದು ಎಣ್ಣೆ ಹೀರಿಕೊಂಡು, ಒಣ ಜಾಗದಲ್ಲಿ ಜೋರಾಗಿ ತಿರುಗುತ್ತದೆ.

ಈಗ ಜೋಡಿಸಿ ನೋಡಿ. ವೇಗ ಹೆಚ್ಚು, ತಿರುವು ಕಡಿಮೆ ಇರುವವರ ಚೆಂಡಿಗೆ ಬಾಗಲು ಸಮಯ ಸಾಲದು. ಅವರಿಗೆ ಬಾಗು ಬೇಕಿದ್ದರೆ ಹಿಡಿತ ಹೆಚ್ಚಿರುವ, ಉಜ್ಜಿ ಒರಟು ಮಾಡಿದ ಮೇಲ್ಮೈ ಬೇಕು. ತಿರುವು ಹೆಚ್ಚು, ವೇಗ ಕಡಿಮೆ ಇರುವವರು ಅದೇ ಚೆಂಡು ಎಸೆದರೆ ಅದು ಅರ್ಧ ದಾರಿಯಲ್ಲೇ ಬಾಗಿ ಎದುರು ಬದಿಯ ಗಟರಿನ ಕಡೆಗೆ ಹೊರಟುಬಿಡುತ್ತದೆ. ಅವರಿಗೆ ಹೊಳಪು ಕೊಟ್ಟ, ಹಿಡಿತ ಕಡಿಮೆಯ ಚೆಂಡು ಸರಿ. ಎರಡೂ ಸಮ ಇರುವವರು ನಡುವಿನದ್ದನ್ನು ಆರಿಸಬೇಕು. ಒಬ್ಬನಿಗೆ ವರವಾದ ಚೆಂಡು ಇನ್ನೊಬ್ಬನಿಗೆ ತಲೆನೋವು. ನೇರವಾಗಿ ಎಸೆಯುವವರಿಗೆ ಪ್ಲಾಸ್ಟಿಕ್ ಚೆಂಡೇ ಸಾಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದೊಡ್ಡ ಆಟಗಾರರ ಚೀಲದಲ್ಲೂ ಒಂದು ಪ್ಲಾಸ್ಟಿಕ್ ಚೆಂಡು ಇರುತ್ತದೆ. ಮೂಲೆಯಲ್ಲಿ ಒಂಟಿಯಾಗಿ ಉಳಿದ ಪಿನ್ ಬೀಳಿಸಲು ನೇರ ಹೋಗುವ ಚೆಂಡೇ ಬೇಕಲ್ಲ.

ವಿಜ್ಞಾನ ವಿಭಾಗದವರಿಗೆ ಒಂದು ಮಾತು. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಮೊಮೆಂಟ್ ಆಫ್ ಇನರ್ಷಿಯಾ, ರೇಡಿಯಸ್ ಆಫ್ ಗೈರೇಷನ್ ಎಂದು ಓದುತ್ತೇವೆ. ಎಲ್ಲಿ ಉಪಯೋಗ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಬೌಲಿಂಗ್ ಚೆಂಡಿನ ಪೆಟ್ಟಿಗೆಯ ಮೇಲೆ ‘ಆರ್‌ಜಿ’ ಎಂದು ಬರೆದಿರುವುದು ಈ ರೇಡಿಯಸ್ ಆಫ್ ಗೈರೇಷನ್ನೇ. ಚೆಂಡಿನ ತ್ರಿಜ್ಯ ಸುಮಾರು 4.3 ಇಂಚು. ಒಳಗೆಲ್ಲ ಒಂದೇ ಸಮ ತುಂಬಿದ ಗೋಳವಾಗಿದ್ದರೆ ಐದನೇ ಎರಡರ ವರ್ಗಮೂಲದಿಂದ ಗುಣಿಸಿ, ಉತ್ತರ 2.7 ಇಂಚಿನ ಆಸುಪಾಸು ಬರುತ್ತದೆ. ಅಮೆರಿಕದ ಬೌಲಿಂಗ್ ಕಾಂಗ್ರೆಸ್ ಒಪ್ಪುವ ಮಿತಿ 2.46ರಿಂದ 2.80. ಅಂಕಿ ಚಿಕ್ಕದಾದಷ್ಟೂ ಭಾರ ನಡುವಿಗೆ ಸೇರಿರುತ್ತದೆ, ಚೆಂಡು ಬೇಗ ಉರುಳಲು ಶುರುಮಾಡುತ್ತದೆ. ಅಂಕಿ ದೊಡ್ಡದಾದರೆ ಇನ್ನಷ್ಟು ದೂರ ಜಾರಿ ತಡವಾಗಿ ಬಾಗುತ್ತದೆ. ತಿರುವು ಕೊಡಲು ಬಾರದವನು ಈ ಅಂಕಿಗೆ ಹಣ ಸುರಿದರೆ ಫಲವಿಲ್ಲ. ಒಳಗಿನ ಕೋರ್ ಎಷ್ಟೇ ಜಾಣತನದ್ದಾದರೂ ತಾನಾಗಿ ತಿರುಗುವುದಿಲ್ಲ.

ಇಬ್ಬರು ಚಾಂಪಿಯನ್ನರು

ಚಾಂಪಿಯನ್ ಹಿಡಿದ ಚೆಂಡೇ ನಮಗೂ ಬೇಕು ಎನ್ನುವವರು ಇಬ್ಬರನ್ನು ಒಟ್ಟಿಗೆ ನೋಡಲಿ.

ಅಮೆರಿಕದ ವಾಲ್ಟರ್ ರೇ ವಿಲಿಯಮ್ಸ್ ಜೂನಿಯರ್ ಪಿಬಿಎ ಟೂರ್‌ನಲ್ಲಿ 47 ಪ್ರಶಸ್ತಿ ಗೆದ್ದವರು. ಅದು ದಾಖಲೆ. ಅವರ ಚೆಂಡು ಹೆಚ್ಚು ಬಾಗುತ್ತಿರಲಿಲ್ಲ. ಬಿಟ್ಟರೆ ಗುರಿ ತಪ್ಪುತ್ತಿರಲಿಲ್ಲ, ಸ್ಪೇರ್ ಬಿಡುತ್ತಿರಲಿಲ್ಲ, ಅಷ್ಟೇ. ಕುದುರೆ ಲಾಳ ಎಸೆಯುವ ಆಟದಲ್ಲೂ ಅವರು ಹಲವು ಬಾರಿ ವಿಶ್ವ ಚಾಂಪಿಯನ್.

ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಇದಕ್ಕೆ ಪೂರ್ತಿ ವಿರುದ್ಧ. ಹೆಬ್ಬೆರಳು ಹಾಕುವುದಿಲ್ಲ, ಎರಡೂ ಕೈಯಿಂದ ಎಸೆಯುತ್ತಾರೆ, ಚೆಂಡು ಬುಗುರಿಯಂತೆ ತಿರುಗುತ್ತ ಲೇನಿನ ಅಂಚಿಗೆ ಹೋಗಿ ವಾಪಸು ಬರುತ್ತದೆ. 15 ಮೇಜರ್ ಪ್ರಶಸ್ತಿ ಗೆದ್ದ ದಾಖಲೆ ಅವರದು. ಈ ಶೈಲಿ ಹೇಗೆ ಬಂತು? ಅವರ ತಂದೆತಾಯಿ ಬೌಲಿಂಗ್ ಸೆಂಟರ್ ನಡೆಸುತ್ತಿದ್ದರು. ಮಗು ಒಂದೂವರೆ ವರ್ಷಕ್ಕೇ ಚೆಂಡು ಎತ್ತಲು ಹೋಯಿತು. ಒಂದು ಕೈಗೆ ಭಾರವಾಯಿತು, ಎರಡೂ ಕೈ ಹಾಕಿತು. ಇದು ಆಟವೇ ಅಲ್ಲ, ಬಿಟ್ಟುಬಿಡು ಎಂದು ಆಮೇಲೆ ಹೇಳಿದವರು ಕಡಿಮೆ ಇರಲಿಲ್ಲ. ಬಿಡಲಿಲ್ಲ. ಇಂದು ಮಕ್ಕಳೆಲ್ಲ ಅವರನ್ನೇ ಅನುಕರಿಸುತ್ತಿದ್ದಾರೆ. ಕೈಗೆ ಏನು ಸಾಧ್ಯ ಎಂದು ನೋಡಿ ಆಟ ಕಟ್ಟಿಕೊಂಡವರನ್ನು, ಕೈ ನೋಡಿಕೊಳ್ಳದೆ ಅನುಕರಿಸುವುದು ವಿಚಿತ್ರ. ವಿಲಿಯಮ್ಸ್ ಕೈಗೆ ಬೆಲ್ಮಾಂಟೆಯ ಚೆಂಡು ಕೊಟ್ಟಿದ್ದರೂ, ಬೆಲ್ಮಾಂಟೆ ಕೈಗೆ ವಿಲಿಯಮ್ಸ್ ಚೆಂಡು ಕೊಟ್ಟಿದ್ದರೂ ಇಬ್ಬರೂ ಮೊದಲು ಅದನ್ನು ಬದಲಾಯಿಸಿಕೊಳ್ಳುತ್ತಿದ್ದರು.

ಇದಕ್ಕೆ ಇನ್ನೊಂದು ಬದಿಯ ವಾದವೂ ಇದೆ: ‘ಒಳ್ಳೆಯ ಆಟಗಾರನಿಗೆ ಯಾವ ಚೆಂಡಾದರೇನು? ಕುಣಿಯಲಾರದವನು ನೆಲ ಡೊಂಕು ಎಂದನಂತೆ.’ ಈ ಮಾತನ್ನು ನಮ್ಮ ಕೆಲವು ಹಿರಿಯರೂ ಹೇಳುತ್ತಾರೆ. ಅದೂ ಪೂರ್ತಿ ಸರಿಯಲ್ಲ. 1973ರಲ್ಲಿ ಡಾನ್ ಮೆಕ್ಯೂನ್ ಎಂಬ ಆಟಗಾರ ಪ್ಲಾಸ್ಟಿಕ್ ಚೆಂಡನ್ನು ರಾಸಾಯನಿಕದಲ್ಲಿ ನೆನೆಸಿ ಮೆದು ಮಾಡಿ ಆಡಿದರು, ಆ ವರ್ಷದ ಪಿಬಿಎ ಅತ್ಯುತ್ತಮ ಆಟಗಾರರಾದರು. ಅದರ ನಂತರವೇ ಚೆಂಡಿನ ಗಡಸುತನಕ್ಕೆ ನಿಯಮಗಳು ಬಂದವು. 2022ರಲ್ಲಿಯೂ ಗಡಸುತನದ ಕಾರಣಕ್ಕೆ ಕೆಲವು ಚೆಂಡುಗಳನ್ನು ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಗಳಿಂದ ಹೊರಗಿಟ್ಟರು. ಚೆಂಡಿನಿಂದ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟೆಲ್ಲ ನಿಯಮ ಯಾಕೆ? ನೆಲ ಡೊಂಕಾಗಿರುವುದೂ ಉಂಟು. ಅರ್ಧ ಬೆರಳು ಇಳಿಯದ ಚೆಂಡು ಕೊಟ್ಟು ‘ನಿನಗೆ ಆಟ ಬರುವುದಿಲ್ಲ’ ಎನ್ನುವುದು ನ್ಯಾಯವಲ್ಲ.

ನಿಧಿಯನ್ನು ಹೀಗೆ ಬಳಸೋಣ

ಹಾಗಾದರೆ ಏನು ಮಾಡಬೇಕು? ಬೇಡ ಎಂದು ಹೇಳಿ ಸುಮ್ಮನಾಗುವುದು ಸರಿಯಲ್ಲ. ಸಮಿತಿಯ ಮುಂದೆ ಇಡಲು ನನ್ನ ಬಳಿ ನಾಲ್ಕು ಮಾತಿವೆ.

ಒಂದು, ಚೆಂಡು ಕೊಳ್ಳುವ ಹಣದಲ್ಲಿ ಲೇನಿನ ಸಮಯ ಕೊಳ್ಳೋಣ. ಒಳ್ಳೆಯ ರಿಯಾಕ್ಟಿವ್ ಚೆಂಡಿಗೆ ಅಮೆರಿಕದಲ್ಲೇ 150–200 ಡಾಲರ್ ಆಗುತ್ತದೆ. ಇಲ್ಲಿಗೆ ಬರುವಾಗ ಸಾಗಣೆ, ಸುಂಕ, ಕೊರೆಸುವ ಖರ್ಚು ಬೇರೆ. ಎರಡು ಚೆಂಡಿನ ಹಣದಲ್ಲಿ ಹತ್ತಿಪ್ಪತ್ತು ಮಂದಿ ವಾರದ ದಿನಗಳ ಕಡಿಮೆ ದರದಲ್ಲಿ ಹಲವು ವಾರ ಅಭ್ಯಾಸ ಮಾಡಬಹುದು. ಶೈಲಿ ಇದೆಯೋ ಇಲ್ಲವೋ, ಇದ್ದರೆ ಯಾವುದು ಎಂದು ಗೊತ್ತಾಗುವುದು ಎಸೆದು ಎಸೆದೇ ಹೊರತು ಪೆಟ್ಟಿಗೆ ತೆರೆದಲ್ಲ.

ಎರಡು, ಮೊದಲ ದಿನವೇ ಎಲ್ಲರ ಕೈ ನೋಡೋಣ. ಯಾರಿಗೆ ಯಾವ ಅಂಕಿಯ, ಯಾವ ಅಳತೆಯ ತೂತಿನ ಚೆಂಡು ಒಪ್ಪುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಪ್ರತಿ ಸಲ ಹುಡುಕುವ ತಾಪತ್ರಯ ಇಲ್ಲ. ಹುಡುಗಿಯರಿಗೂ ಹುಡುಗರಿಗೂ ಒಂದೇ ರೀತಿ. ಎಂಟರಿಂದ ಶುರುಮಾಡಿ ಒಂದೊಂದೇ ಪೌಂಡ್ ಏರಿಸುತ್ತ ಹೋಗೋಣ, ಆಟ ಕೆಡುವ ಜಾಗ ಬಂದಾಗ ಒಂದು ಪೌಂಡ್ ಹಿಂದೆ ಬರೋಣ.

ಮೂರು, ತಂಡದ ಆಯ್ಕೆಯಲ್ಲಿ ಸ್ಟ್ರೈಕ್ ಜೊತೆಗೆ ಸ್ಪೇರ್ ಎಣಿಸೋಣ, ವೇಗ ಎಣಿಸುವುದು ಬೇಡ. ಪ್ರತಿ ಫ್ರೇಮಿನಲ್ಲಿ ಮೊದಲ ಎಸೆತಕ್ಕೆ ಒಂಬತ್ತು ಬೀಳಿಸಿ, ಎರಡನೆಯದಕ್ಕೆ ಉಳಿದ ಒಂದನ್ನು ಬೀಳಿಸುವವರು ಒಂದೇ ಒಂದು ಸ್ಟ್ರೈಕ್ ಇಲ್ಲದೆ 190 ಅಂಕ ಮುಟ್ಟಬಹುದು. ಹತ್ತರ ಚೆಂಡಿನಲ್ಲಿ ಅದು ಸಾಧ್ಯ. ಹದಿನಾರರ ಚೆಂಡು ಎತ್ತಿ ಏದುಸಿರು ಬಿಡುವವರಿಗೆ ಅಲ್ಲ.

ನಾಲ್ಕು, ಒಂದು ವರ್ಷ ಆಡಿ, ಮೂರೂ ಆಟಗಳಲ್ಲಿ ಒಂದೇ ಸಮ ಎಸೆಯಲು ಕಲಿತು, ತಿರುವು ಕೊಡುವುದನ್ನೂ ಕಲಿತವರು ಸ್ವಂತ ಚೆಂಡು ಕೊಳ್ಳಲಿ. ಅವರ ಕೈಯ ಅಳತೆಗೆ, ಅವರ ಎಸೆತಕ್ಕೆ. ಆಗ ಮನೆಯಲ್ಲಿ ಅಬ್ಬಾನ ಮುಂದೆ ಹಣ ಕೇಳುವಾಗಲೂ ಕಾರಣ ಹೇಳಲು ಬರುತ್ತದೆ. ಕಾಲೇಜು ಸಹಾಯ ಮಾಡುವುದಿದ್ದರೆ ಅಂಥವರಿಗೆ ಅರ್ಧ ಹಣ ಕೊಡಲಿ, ಅದನ್ನು ನಾನೇ ಬೆಂಬಲಿಸುತ್ತೇನೆ.

ಇದು ದೊಡ್ಡವರ ಆಟ, ನಮಗೆಲ್ಲಿಯದು ಎಂದು ಯಾರೂ ಹಿಂಜರಿಯಬೇಕಿಲ್ಲ. 1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲೇ ಬೌಲಿಂಗ್ ಇತ್ತು. ತಮಿಳುನಾಡಿನ ಶಬ್ಬೀರ್ ಧನ್‌ಕೋಟ್ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ. ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಲೇನುಗಳಲ್ಲಿ ರಾಷ್ಟ್ರೀಯ ಮಟ್ಟದ ಪಂದ್ಯಗಳು ನಡೆದಿವೆ. ಕ್ರಿಕೆಟ್ ತಂಡಕ್ಕೆ ಸೇರಲಾಗದ, ಓಟದಲ್ಲಿ ಹಿಂದೆ ಬೀಳುವ ಎಷ್ಟೋ ಮಂದಿಗೆ ಈ ಆಟದಲ್ಲಿ ಜಾಗ ಇದೆ. ಎತ್ತರ, ದಪ್ಪ, ಓಟದ ವೇಗ ಯಾವುದೂ ಇಲ್ಲಿ ಅಡ್ಡಿಯಲ್ಲ. ಆದರೆ ಮೊದಲ ದಿನವೇ ಹದಿನಾರರ ಚೆಂಡನ್ನು ಅರ್ಹತೆಯ ಅಳತೆಗೋಲು ಮಾಡಿದರೆ ಆ ಜಾಗವನ್ನು ನಾವೇ ಮುಚ್ಚಿದಂತೆ.

ಸಮಿತಿಯ ಸಭೆ ಈ ತಿಂಗಳ ಕೊನೆಯಲ್ಲಿದೆ. ಹೋಗುವವರು ದಯವಿಟ್ಟು ಒಂದು ಪ್ರಶ್ನೆ ಕೇಳಿ: ‘ಆ ಎರಡು ಚೆಂಡಿಗೆ ತೂತು ಯಾರ ಬೆರಳಿನ ಅಳತೆಗೆ?’ ಉತ್ತರ ಕೊಡಲು ಆಗದಿದ್ದರೆ, ಹಣವನ್ನು ಲೇನಿಗೆ ಕೊಡೋಣ.